ಹೆಸರು ಹೇಳದೆ ನಿಂತಾಕೆ

ಆಕೆಗೆ ಒಂದು ಏಟು ಕೊಟ್ಟವನು ವಿಮಾನದಲ್ಲಿ ಪಿಸ್ತೂಲು ಹಿಡಿದು ನಿಂತಿದ್ದ ಹುಡುಗ. ಅದರ ಬಾವು ನಾಲ್ಕು ದಿನದಲ್ಲಿ ಇಳಿಯಿತು. ಉಳಿದ ಏಟು ಕೊಟ್ಟವರು ಹಳದಿ-ಕುಂಕುಮದ ತಟ್ಟೆ ಹಿಡಿದಿದ್ದ ನಮ್ಮ ಬಿಲ್ಡಿಂಗಿನ ಹೆಂಗಸರು. ನಡೆದದ್ದು ಇಷ್ಟೇ. ಈಗ ಯಾರು ಎಷ್ಟು ಹೂವು ಹಾಕಿದರೂ ನಡೆದದ್ದು ಬದಲಾಗುವುದಿಲ್ಲ.

ಹೋದ ತಿಂಗಳು ಆಕೆ ತೀರಿಕೊಂಡಳು. ನಮ್ಮವರ ಸಂಘದ ಹಾಲಿನಲ್ಲಿ ಸಭೆ ಮಾಡಿದರು. ಫೋಟೋಗೆ ಹಾರ, ಎದುರಿಗೆ ಊದಿನಕಡ್ಡಿ. ಕೋಟು ಹಾಕಿಕೊಂಡವನೊಬ್ಬ ‘ವೀರನಾರಿ’ ಎಂದ. ಇನ್ನೊಬ್ಬ ‘ಗಗನಸಖಿ’ ಎಂದ. ಸಖಿಯಂತೆ! ಊಟದ ಟ್ರೇ ಎತ್ತಿ ಎತ್ತಿ ಆಕೆಯ ಮೊಣಕೈ ಹಿಡಿದುಕೊಂಡುಬಿಡುತ್ತಿತ್ತು, ಎಣ್ಣೆ ತಿಕ್ಕಿದವಳು ನಾನು. ಮೂರನೆಯವನು, ಮದುವೆಯಾಗದೆ ಉಳಿದದ್ದು ಆಕೆಯ ತ್ಯಾಗ ಎಂದ. ಮುಂದಿನ ಸಾಲಿನಲ್ಲಿ ನಮ್ಮ ಬಿಲ್ಡಿಂಗಿನ ಮೂಲೆಮನೆಯಾಕೆ ಕೂತು ಕಣ್ಣು ಒರೆಸಿಕೊಳ್ಳುತ್ತಿದ್ದಳು. ಈಗ ಅವಳೂ ನನ್ನಂತೆ ಮುದುಕಿ, ಕೋಲು ಹಿಡಿದಿದ್ದಾಳೆ. ಕೋಲು ಹಿಡಿದವರ ಬಾಯಿ ತೊಳೆದುಹೋಗಿರುತ್ತದೆಂದು ಎಲ್ಲಿ ಬರೆದಿದೆ?

ನನಗೂ ಎರಡು ಮಾತು ಆಡಿ ಎಂದರು. ಆಡಿದ್ದರೆ ಸಭೆ ಅಲ್ಲಿಗೇ ನಿಲ್ಲುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ. ಮೂರನೆಯ ಇಯತ್ತೆಗೆ ಸಾಲೆ ಬಿಟ್ಟವಳ ಬರಹ, ಇದ್ದ ಹಾಗೆ ಓದಿಕೊಳ್ಳಿ. ಆಕೆಯ ಹೆಸರು ಮಾತ್ರ ಬರೆಯುವುದಿಲ್ಲ. ಆ ಹೆಸರನ್ನು ನಲ್ಲಿಯ ಹತ್ತಿರ, ಮೆಟ್ಟಿಲ ಮೇಲೆ, ಬಾಯಿಗೆ ಬಂದ ಹಾಗೆ ಎಳೆದಾಡಿದವರು ಆಗಲೇ ಬೇಕಾದಷ್ಟಿದ್ದಾರೆ.

ಆಗ ನಾವು ಮುಂಬಯಿಯ ಆಂಟಾಪ್ ಹಿಲ್‌ನಲ್ಲಿದ್ದೆವು. ಉದ್ದ ಗ್ಯಾಲರಿ, ಅದರ ಉದ್ದಕ್ಕೂ ಖೋಲಿಗಳು, ಒಂದು ತುದಿಗೆ ನೀರಿನ ನಲ್ಲಿ, ಅದರಾಚೆ ಎಲ್ಲರಿಗೂ ಸೇರಿದ ಸಂಡಾಸು. ಆಕೆಯ ಮನೆ ನಮ್ಮ ಗೋಡೆಗೆ ಹತ್ತಿದ್ದು. ತಂದೆ ಧಾರವಾಡದ ಕಡೆಯವರು, ಫೋರ್ಟಿನ ಒಂದು ಆಫೀಸಿನಲ್ಲಿ ಕಾರಕೂನರು, ಮಾತು ಕಡಿಮೆ. ತಾಯಿಗೆ ದಮ್ಮು. ಹುಡುಗಿ ಅರ್ಧ ಅವರ ಮನೆಯಲ್ಲಿ ಬೆಳೆದಳು, ಅರ್ಧ ನಮ್ಮ ಮನೆಯಲ್ಲಿ. ನಾನು ಆಕೆಯನ್ನು ಮುದ್ದು ಮಾಡಿದವಳಲ್ಲ. ರೊಟ್ಟಿ ಬಡಿಯುವಾಗ ಬಂದು ಕೂತರೆ ಒಂದು ರೊಟ್ಟಿ ಹೆಚ್ಚು ಬಡಿಯುತ್ತಿದ್ದೆ. ರೊಟ್ಟಿಗೆ ಖಾರ ಎಷ್ಟು ಹಚ್ಚಿದರೂ ಆಕೆಗೆ ಸಾಲದು. ಮೂಗು ಸೋರಿದರೂ ತಿನ್ನುವಳು, ತಿಂದು ನಗುವಳು. ಚೆಲುವೆಯೇನಲ್ಲ. ಉದ್ದಕ್ಕೆ ಬೆಳೆದಳು ಅಷ್ಟೇ.

ಆಕೆಗೆ ಹನ್ನೆರಡೋ ಹದಿಮೂರೋ ಇದ್ದಾಗ ರೇಶನ್ ಆಫೀಸಿಗೆ ನನ್ನ ಜೊತೆ ಬಂದಳು. ನನಗೆ ಮರಾಠಿ ಓದಲು ಬಾರದು. ಕಿಟಕಿಯ ಹಿಂದೆ ಕೂತವನು ಯಜಮಾನರ ಹೆಸರು ಕೇಳಿದ. ನಾನು ಸೆರಗು ಬಾಯಿಗೆ ಹಿಡಿದು ತಲೆ ಕೆಳಗೆ ಹಾಕಿ ನಿಂತೆ. ಗಂಡನ ಹೆಸರು ಹೆಂಡತಿ ಹೇಳಬಾರದು, ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ. ನನ್ನ ಅವ್ವ ಹೇಳಲಿಲ್ಲ, ಅವಳ ಅವ್ವ ಹೇಳಲಿಲ್ಲ. ಅವನು ಮತ್ತೆ ಕೇಳಿದ. ನಾನು ಅಲುಗಲಿಲ್ಲ. “ಬಾಯೀ, ನಾಂವ್ ಸಾಂಗಾ ನಾ!” ಎಂದು ಮೇಜು ಬಡಿದ. ಹಿಂದಿನವರು ಗದ್ದಲ ಮಾಡಿದರು. ಕಡೆಗೆ ಈ ಹುಡುಗಿ ಹಿಮ್ಮಡಿ ಎತ್ತಿ ಕಿಟಕಿಗೆ ಮುಖ ಹಚ್ಚಿ ಗಟ್ಟಿಯಾಗಿ ಹೇಳಿಬಿಟ್ಟಳು.

ದಾರಿಯಲ್ಲಿ ಕೇಳಿದಳು, “ಕಾಕೂ, ನಾ ಹೆಸರ ಹೇಳಿದ್ನಲ್ಲ, ಕಾಕಾಗ ಏನರ ಆಕ್ಕತೇನು?”

“ನೀ ಹೇಳಿದ್ರ ಏನೂ ಆಗೂದಿಲ್ಲ. ಹೇಂತಿ ಹೇಳಬಾರದು.”

“ಗೋದಾಮಿನ್ಯಾಗ ಸಾಹೇಬ ಕಾಕಾನ ಹೆಸರ ದಿನಾ ಒದರತಾನಲ್ಲ?”

“ಅಂವಾ ಹೇಂತಿಯೇನ?”

ಬಸ್ ಸ್ಟಾಪಿನಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಂದಿನಿಂದ ನಮ್ಮ ಮನೆಯವರು ಬಂದರಿನ ಗೋದಾಮಿನಿಂದ ಬಂದು ಚಪ್ಪಲಿ ಬಿಡುವುದೇ ತಡ, ಬಾಗಿಲಲ್ಲಿ ನಿಂತು, “ಕಾಕೂ, ಕಾಕಾ ಇನ್ನಾ ಗಟ್ಟಿ ಅದಾರ!” ಎಂದು ಕೂಗುವಳು. ನಮ್ಮ ಮನೆಯವರು ಈಗಿಲ್ಲ. ಪೂರಾ ಮುದುಕರಾಗಿ, ಮೊಮ್ಮಕ್ಕಳ ಕೈಯಲ್ಲಿ ನೀರು ಕುಡಿದು ಹೋದರು.

ಕಾಲೇಜು ಮುಗಿಸಿ ವಿಮಾನದ ಕೆಲಸಕ್ಕೆ ಸೇರಿದಳು. ಕಂಪನಿಯ ಗಾಡಿ ಬೆಳಗಾಗುವ ಮೊದಲೇ ಬಂದು ಕೆಳಗೆ ನಿಲ್ಲುತ್ತಿತ್ತು. ಸೀರೆಯ ನಿರಿಗೆ ಕತ್ತಿಯಂತೆ, ಕೂದಲು ಎಳೆದು ಕಟ್ಟಿದ ಗಂಟು, ತುಟಿಗೆ ಬಣ್ಣ. ಒಂದು ದಿನ ಮೂಲೆಮನೆಯಾಕೆ ನಲ್ಲಿಯ ಹತ್ತಿರ ಕೊಡ ತೊಳೆಯುತ್ತಾ, ಕೇಳಿಸಲೆಂದೇ, “ಇಷ್ಟ ಲಗೂನ ಯಾವ ಆಫೀಸ ತಗದಿರತೈತೆವ್ವಾ?” ಎಂದಳು. ಈಕೆ ಚೀಲ ಹೆಗಲಿಗೇರಿಸಿ, “ವೈನಿ, ನಿಮ್ಮ ಹಾಲಿನಂವಾ ಬರೂ ಹೊತ್ತಿಗೇ ನಾ ಹೋಗತೀನಿ. ಅವನ್ನೂ ಒಮ್ಮೆ ಕೇಳ್ರಿ,” ಎಂದು ಮೆಟ್ಟಿಲಿಳಿದಳು. ಆಕೆ ತರುತ್ತಿದ್ದ ಚಾಕಲೇಟಿಗೆ ಮೊದಲು ಕೈ ಚಾಚುತ್ತಿದ್ದವು ಅದೇ ಮೂಲೆಮನೆಯ ಮಕ್ಕಳು.

ಕೆಲಸದಲ್ಲಿ ಕಲಿತದ್ದನ್ನು ಮನೆಗೂ ತಂದಳು. ತಾಯಿಗೆ ಔಷಧ ಕೊಡುವಾಗ ನಿಂತು ಕೊಡುತ್ತಿರಲಿಲ್ಲ, ಮೊಣಕಾಲು ಮಡಚಿ ಮುಖದ ಸಮಕ್ಕೆ ಬಂದು ಕೊಡುತ್ತಿದ್ದಳು. ಕೇಳಿದ್ದಕ್ಕೆ, “ಮ್ಯಾಲಿಂದ ಕೊಟ್ರ ಕೊಟ್ಟಂಗಲ್ಲ ಕಾಕೂ, ಒಗದಂಗ,” ಎಂದಳು. ಇನ್ನೊಮ್ಮೆ ಹೇಳಿದ್ದು: ವಿಮಾನ ಹತ್ತುವಾಗ ನಗುತ್ತಾ ಬರುವವರ ಚಿಂತೆ ಬೇಡ, ಬೆಲ್ಟು ಎರಡೂ ಕೈಯಿಂದ ಹಿಡಿದು ಕೂತವರು ಯಾರೆಂದು ನೋಡಿಟ್ಟುಕೊಳ್ಳಬೇಕು.

ಗಂಡು ಗೊತ್ತಾಯಿತು. ಬೆಳಗಾವಿಯ ಮಂದಿ, ಬಾಂದ್ರಾದಲ್ಲಿ ಮನೆ, ಹುಡುಗನಿಗೆ ಬ್ಯಾಂಕಿನಲ್ಲಿ ಕೆಲಸ. ಸಕ್ಕರೆಪುಡಿ ಕೊಟ್ಟು ನಿಶ್ಚಯ ಮುಗಿದು ವೈಶಾಖಕ್ಕೆ ಮದುವೆ ಎಂದಾಗಿತ್ತು. ಆಕೆ ಸೀರೆಗಳಿಗೆ ಫಾಲ್ ಹಚ್ಚಿಸಿ, ಪಿಕೋ ಮಾಡಿಸಿ, ನಡುನಡುವೆ ಬೇವಿನೆಲೆ ಇಟ್ಟು ಟ್ರಂಕಿನಲ್ಲಿ ತುಂಬಿದಳು. ಅದನ್ನು ನಾನು ಕಣ್ಣಾರೆ ನೋಡಿದವಳು. ತ್ಯಾಗ ಎಂದವನು ಆ ಟ್ರಂಕು ನೋಡಿದ್ದನೇನು?

ಆಮೇಲೆ ಆ ವಿಮಾನ. ಮುಂಬಯಿಯಿಂದ ಹೊರಟದ್ದನ್ನು ಮೂವರು ಹಿಡಿದು ಬೇರೆ ಊರಿನಲ್ಲಿ ಇಳಿಸಿದರು. ಜೈಲಿನಲ್ಲಿದ್ದ ತಮ್ಮವರನ್ನು ಬಿಡಬೇಕೆಂದು ಅವರ ಪಟ್ಟು. ಇಡೀ ದಿನ ಬಿಸಿಲಲ್ಲಿ, ಬಾಗಿಲು ಮುಚ್ಚಿ, ಗಾಳಿಯಿಲ್ಲದೆ ಜನ ಕೂತರು. ಸಂಜೆಗೆ ಮೂವರೂ ಶರಣಾದರು, ಒಂದು ಜೀವವೂ ಹೋಗಲಿಲ್ಲ. ನಡುವೆ ನಡೆದದ್ದನ್ನು ಆಕೆ ನನಗೆ ಹೇಳಿದ್ದು ವಾರದ ಮೇಲೆ, ನಮ್ಮ ಅಡಿಗೆಮನೆಯಲ್ಲಿ ಮೊರದ ಮುಂದೆ ಕೂತು, ಅಕ್ಕಿಯಲ್ಲಿನ ಹರಳು ಆರಿಸುತ್ತಾ. ಕೆನ್ನೆ ಮೇಲೆ ಇನ್ನೂ ಹಸಿರುಗಟ್ಟಿದ ಗುರುತಿತ್ತು.

ನೀರು ಕಡಿಮೆ ಇತ್ತು. ಎಲ್ಲರಿಗೂ ಗುಟುಕು ಗುಟುಕಾಗಿ ಹಂಚಿದಳು, ಮೊದಲು ಮಕ್ಕಳಿಗೆ, ಕಡೆಗೆ ಪಿಸ್ತೂಲಿನವರಿಗೆ. ಅವರಿಗೇಕೆ ಕೊಟ್ಟೆ ಎಂದೆ. “ಬಾಯಿ ಒಣಗಿದವರ ಕೈ ನಡಗತಾವ ಕಾಕೂ. ನಡಗೂ ಕೈಯಾಗ ಪಿಸ್ತೂಲ ಇರಬಾರದು.”

ಆ ವಿಮಾನದಲ್ಲಿ ಒಬ್ಬ ಪೊಲೀಸ್ ಅಧಿಕಾರಿ ಇದ್ದ, ಸಾದಾ ಬಟ್ಟೆಯಲ್ಲಿ. ಹತ್ತುವಾಗ ತನ್ನ ಇಲಾಖೆಯ ಟೋಪಿ ನುಗ್ಗಾಗಬಾರದೆಂದು ಆಕೆಯ ಕೈಗೆ ಕೊಟ್ಟಿದ್ದ. ಹಾಗಾಗಿ ಆಕೆಗೆ ಗೊತ್ತು. ಪೊಲೀಸರವನೊಬ್ಬ ಇದ್ದಾನೆಂಬ ಸುಳಿವು ಆ ಮೂವರಿಗೂ ಇತ್ತು, ಯಾರೆಂದು ತಿಳಿದಿರಲಿಲ್ಲ. ಸರಕಾರ ಬಗ್ಗದಿದ್ದರೆ ಮೊದಲು ಅವನನ್ನೇ ಮುಗಿಸುವುದು ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಈಕೆ ಟೋಪಿಯನ್ನು ಎಂಜಲು ಡಬ್ಬಿಯಲ್ಲಿ ಹಾಕಿ, ಮೇಲೆ ಉಳಿದ ಅನ್ನ-ಪಲ್ಯ ಸುರಿದಳು.

ಪಿಸ್ತೂಲಿನ ಹುಡುಗ ಒಬ್ಬೊಬ್ಬ ಗಂಡಸನ್ನೇ ಎಬ್ಬಿಸಿ, ಯಾರು, ಏನು ಉದ್ಯೋಗ ಎಂದು ಕೇಳುತ್ತಾ ಬಂದ. ಆ ಅಧಿಕಾರಿಯ ಗಿಡ್ಡ ಕತ್ತರಿಸಿದ ಕೂದಲೇ ಪೊಲೀಸನೆಂದು ಹೇಳುತ್ತಿತ್ತಂತೆ, ಬೂಟು ಬೇರೆ ಕನ್ನಡಿಯ ಹಾಗೆ. ಬಾಯಿಂದ ಮಾತೇ ಬರಲಿಲ್ಲ. ಬೆವರಿ ತೊಪ್ಪೆಯಾಗಿ ನಿಂತುಬಿಟ್ಟ. ಈಕೆ ನೀರಿನ ಜಗ್ಗು ಹಿಡಿದು ನಡುವೆ ಬಂದಳು. ಇವರು ನನ್ನ ಗಂಡ, ಮಾತು ಹೊರಡದ ಮನುಷ್ಯ, ಬಿಡಿ ಎಂದಳು.

ತಾಳಿ ಎಲ್ಲಿ ಎಂದ. ಡ್ಯೂಟಿಯಲ್ಲಿ ಕಂಪನಿ ಹಾಕಿಕೊಳ್ಳಗೊಡುವುದಿಲ್ಲ ಎಂದಳು. ಗಂಡನ ಹೆಸರೇನು ಎಂದ.

ಅಲ್ಲಿ ಸಿಕ್ಕಿಬಿದ್ದಳು. ಆ ಅಧಿಕಾರಿಯ ಹೆಸರು ಆಕೆಗೆ ಗೊತ್ತಿಲ್ಲ. ಏನಾದರೊಂದು ಹೇಳಿದರೆ, ಅವನ ಜೇಬಿನಲ್ಲಿರುವ ಟಿಕೆಟು ಬೇರೆ ಹೇಳೀತು.

“ಆವಾಗ ನೀವು ನೆಪ್ಪಾದ್ರಿ ಕಾಕೂ. ರೇಶನ್ ಆಫೀಸಿನ್ಯಾಗ ನಿಂತಿದ್ರಲ್ಲ, ಸೆರಗ ಬಾಯಿಗಿಟ್ಟು. ಹಂಗ ನಿಂತೆ. ನಮ್ಮ ಕಡೆ ಗಂಡನ ಹೆಸರ ಹೇಳೂದಿಲ್ಲ ಅಂದೆ.”

ಹುಡುಗ ನಂಬಲಿಲ್ಲ. ತುಟಿಗೆ ಬಣ್ಣ ಹಚ್ಚಿ, ಇಂಗ್ಲಿಷು ಮಾತಾಡಿ, ಗಂಡನ ಹೆಸರು ಹೇಳುವುದಿಲ್ಲವೇ? ಕೆನ್ನೆಗೆ ಬಾರಿಸಿದ, ಹೇಳು ಎಂದ. ಆಕೆ ತಲೆ ಎತ್ತಲಿಲ್ಲ. ಪಿಸ್ತೂಲನ್ನು ಕಿವಿಯ ಹತ್ತಿರ ತಂದ. ಹೇಳಲಿಲ್ಲ. ಕಡೆಗೆ ಹಿಂದಿನಿಂದ ಅವರಲ್ಲೇ ವಯಸ್ಸಾದವನು, “ಛೋಡ್ ರೇ, ಅಮ್ಮಾ ಭೀ ಕಹಾಂ ಲೇತೀ ಹೈ ಬಾಪೂ ಕಾ ನಾಮ್,” ಎಂದನಂತೆ, ಬಿಡೋ, ನಮ್ಮವ್ವನೂ ಅಪ್ಪನ ಹೆಸರು ಎಲ್ಲಿ ಹೇಳುತ್ತಾಳೆ ಎಂದು. ಹುಡುಗ ಮುಂದಿನ ಸಾಲಿಗೆ ಹೋದ.

ನಾನು ಅಕ್ಕಿ ಆರಿಸಿದೆ. ಅಂದು ಎಷ್ಟು ಹರಳು ಬಿಟ್ಟೆನೋ, ಊಟದಲ್ಲಿ ನಮ್ಮ ಮನೆಯವರ ಹಲ್ಲಿಗೆ ಸಿಕ್ಕು ಬೈದರು.

ಮೊದಲ ಎರಡು ದಿನ ಬಿಲ್ಡಿಂಗಿನವರು ಪೇಡೆ ಹಂಚಿದರು. ಕಂಪನಿಯವರು ಹಾರ ಹಾಕಿ ಫೋಟೋ ತೆಗೆಸಿದರು. ಮೂರನೆಯ ದಿನದ ಪೇಪರಿನಲ್ಲಿ ಯಾರೋ ಪ್ರಯಾಣಿಕ ಹೇಳಿದ್ದು ಬಂತು, ಈಕೆ ಗುರುತಿಲ್ಲದವನನ್ನು ಗಂಡನೆಂದು ಹೇಳಿ ಉಳಿಸಿದಳೆಂದು. ಹೊಗಳಿಯೇ ಬರೆದಿದ್ದರು. ಆದರೆ ಗ್ಯಾಲರಿಯಲ್ಲಿ ಓದಿದವರು ಒಂದೇ ಶಬ್ದ ಓದಿದರು. ‘ಗಂಡ ಅಂದಳಂತೆ. ಎಲ್ಲರ ಮುಂದೆ ಅಂದಳಂತೆ. ಒಮ್ಮೆಗೇ ಹೇಗೆ ಬಂತು ಬಾಯಿಗೆ? ಮೊದಲೇ ಪರಿಚಯ ಇತ್ತೇನೋ.’ ಮೂಲೆಮನೆಯಾಕೆ ಪೇಪರು ಮಡಚಿ ಚೀಲದಲ್ಲಿಟ್ಟುಕೊಂಡು ಲೋಕಲ್ ಹಿಡಿದು ಬಾಂದ್ರಾದ ಗಂಡಿನ ಮನೆಗೆ ಹೋಗಿಬಂದಳು. ಹೋಗಿದ್ದು ಏಕೆಂದು ಕೇಳಿದರೆ, “ಹಿತಾ ಬಯಸಿ ಹೋಗಿದ್ದೆ,” ಎಂದಳು. ಎಂಥ ಹಿತ!

ಗಂಡಿನ ತಾಯಿ ಬಂದಳು, ಸಕ್ಕರೆಪುಡಿಯ ಸೀರೆ ವಾಪಸು ಒಯ್ಯಲು. ಚಹಾ ಕುಡಿದಳು, ಅದೇನೂ ಬೇಡವೆನ್ನಲಿಲ್ಲ. “ಹುಡುಗಿ ಶೂರಿ ಅದಾಳ, ಖರೇ. ಆದ್ರ ಬಾಯಿಂದ ಒಬ್ಬನ್ನ ಗಂಡ ಅಂದಾಳಲ್ರೀ. ಆಡಿದ ಮಾತು ಹೊಳ್ಳಿ ಬರತೈತೇನು? ನಾವು ನಾಕ ಮಂದ್ಯಾಗ ಬಾಳೂವ್ರು.” ತಂದೆ ನೆಲ ನೋಡುತ್ತಾ ಕೂತರು. ಆಕೆಯೇ ಎದ್ದು, ಟ್ರಂಕು ತೆಗೆದು, ಸೀರೆ ಕೊಡವಿ, ಬೇವಿನೆಲೆ ಉದುರಿಸಿ ಕೊಟ್ಟಳು. ಆಗಲೂ ಬಗ್ಗಿ ಮುಖದ ಸಮಕ್ಕೆ ಕೊಟ್ಟಳು ನೋಡಿ, ಅದಕ್ಕೆ ನನಗೆ ಮೈಯೆಲ್ಲ ಉರಿಯಿತು. ನಾನಾಗಿದ್ದರೆ ಒಗೆಯುತ್ತಿದ್ದೆ.

ಹುಡುಗ ಆಮೇಲೊಮ್ಮೆ ಬಂದು ಮೆಟ್ಟಿಲ ಕೆಳಗೆ ನಿಂತು, “ನಮ್ಮವ್ವ ಕೇಳವಲ್ಲಳು,” ಎಂದ. ಈಕೆ ಮೇಲಿನಿಂದಲೇ, “ನಿಮ್ಮವ್ವ ಕೇಳವಲ್ಲಳು, ಗೊತ್ತಾತು. ನೀ ಏನಂತಿ? ಅದನ್ನೂ ನಿಮ್ಮ ಕಡೆ ಬಾಯಿಬಿಟ್ಟ ಹೇಳಂಗಿಲ್ಲೇನು?” ಎಂದಳು. ಹೇಳಲಿಲ್ಲ. ಹೋದ.

ಜೀವ ಉಳಿಸಿಕೊಂಡ ಆ ಅಧಿಕಾರಿಯೂ ಬಂದಿದ್ದ. ಜೀಪಿನಿಂದ ಇಳಿಯಲಿಲ್ಲ. ಪಕ್ಕದಲ್ಲಿ ಅವನ ಹೆಂಡತಿ ಮುಖ ಊದಿಸಿಕೊಂಡು ಕೂತಿದ್ದಳು. ಡ್ರೈವರನ ಕೈಯಲ್ಲಿ ಮಿಠಾಯಿ ಡಬ್ಬಿ ಕಳಿಸಿದರು. ನಾನೇ ಇಸಿದುಕೊಂಡು ಕೆಳಗೆ ಹೋಗಿ ಜೀಪಿನ ಮುಂದಿನ ಬಾನೆಟ್ಟಿನ ಮೇಲೆ ಇಟ್ಟು ಬಂದೆ. ಕಂಪನಿಯ ವಿಷಯವನ್ನೂ ಇಲ್ಲೇ ಮುಗಿಸುತ್ತೇನೆ. ಕೆಲವು ವರ್ಷದ ಮೇಲೆ, ನಿನಗೆ ವಯಸ್ಸಾಯಿತು, ಇನ್ನು ಹಾರುವುದು ಸಾಕು ಎಂದರು. ಅದೇ ವಿಮಾನದ ಪೈಲಟ್ ಆಕೆಗಿಂತ ಹಿರಿಯ. ಅವನಿಗೆ ವಯಸ್ಸಾಗಿರಲಿಲ್ಲ. ಆಕೆ ಹೊಸ ಹುಡುಗಿಯರಿಗೆ ಟ್ರೇ ಹಿಡಿಯುವುದು ಕಲಿಸುತ್ತಾ ಉಳಿದಳು. ಕಲಿತ ಹುಡುಗಿಯರು ಸಭೆಗೆ ಬಂದಿದ್ದರು. ಹಾಲಿನಲ್ಲಿ ಖರೇ ಅತ್ತವರು ಅವರಷ್ಟೇ.

ಈಗ ಆ ಸಂಕ್ರಾಂತಿಗೆ ಬರುತ್ತೇನೆ. ಸೀರೆ ವಾಪಸು ಹೋಗಿ ಇನ್ನೂ ಹೆಚ್ಚು ದಿನ ಆಗಿರಲಿಲ್ಲ. ಮೂಲೆಮನೆಯಲ್ಲಿ ಹಳದಿ-ಕುಂಕುಮ. ಸಂಜೆ, ಬಿಲ್ಡಿಂಗಿನ ಹೆಂಗಸರೆಲ್ಲ ಸೇರಿದ್ದರು. ಆಕೆ ಬರುವುದಿಲ್ಲ ಎಂದಿದ್ದಳು. ತಾಯಿ, ಹೋಗದಿದ್ದರೆ ಇನ್ನೂ ಆಡಿಕೊಳ್ಳುತ್ತಾರೆಂದು ಕಳಿಸಿದಳು. ನನ್ನ ಪಕ್ಕ ಕೂತಳು. ಕುಸುರೆಳ್ಳು ಹಂಚಿ, ಎಳ್ಳು-ಬೆಲ್ಲ ತಗೊಂಡು ಒಳ್ಳೆ ಮಾತಾಡ್ರಿ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು.

ಆಮೇಲೆ ಒಡಪು. ನಮ್ಮ ಕಡೆ ಬರಿ ಬಾಯಿಂದ ಗಂಡನ ಹೆಸರು ಹೇಳಬಾರದು, ಒಡಪು ಕಟ್ಟಿ ಅದರಲ್ಲಿ ಸೇರಿಸಿ ಹೇಳಿದರೆ ದೋಷವಿಲ್ಲ. ಮೂಲೆಮನೆಯಾಕೆ ತಾನೇ ಶುರು ಮಾಡಿದಳು: “ಫಾಸ್ಟ್ ಲೋಕಲ್ ಹೋತು ಠಾಣೆಕ್ಕ, ಸ್ಲೋ ಲೋಕಲ್ ನಿಂತೂ ಕುರ್ಲಾಕ್ಕ, ಬಸವಂತರಾಯರ ಹೆಸರ ಹೇಳತೀನಿ ಸಂಕ್ರಾಂತಿ ಹಬ್ಬಕ್ಕ!” ಎಲ್ಲರೂ ಚಪ್ಪಾಳೆ ಹೊಡೆದರು. ಒಬ್ಬೊಬ್ಬರೇ ಹೇಳಿದರು. ಸರದಿ ನಮ್ಮ ಹತ್ತಿರ ಬಂದಾಗ ಮೂಲೆಮನೆಯಾಕೆ ಹುಡುಗಿಯ ಕಡೆ ತಿರುಗಿ, “ನೀನೂ ಒಂದ ಒಡಪ ಹಾಕವಾ. ಈಗ ನಿನಗೂ ಗಂಡ ಅದಾನಲ್ಲ, ವಿಮಾನದಾಗ!” ಎಂದಳು.

ಮೊದಲು ಒಬ್ಬಳು ನಕ್ಕಳು. ಆಮೇಲೆ ಎಲ್ಲರೂ ನಕ್ಕರು.

ಪಿಸ್ತೂಲಿನ ಮುಂದೆ ಅಲುಗದವಳು ಬಾಯಿಗೆ ಹಾಕಲು ತೆಗೆದ ಕುಸುರೆಳ್ಳನ್ನು ಮತ್ತೆ ಬಟ್ಟಲಿಗೇ ಹಾಕಿದಳು. ನಾನು ನೋಡಿದೆ.

“ಆಕಿ ಅಂದದ್ದು ಒಬ್ಬನ ಜೀವ ಉಳಸಾಕ,” ಎಂದೆ. “ನಿನ್ನ ಒಡಪಿನಿಂದ ಯಾರ ಜೀವ ಉಳದೈತಿ? ಕುರ್ಲಾದಾಗ ನಿಂತ ಲೋಕಲ್ಲಿನವರದೇನು?”

ಮೂಲೆಮನೆಯಾಕೆ ಬಿಡುವವಳಲ್ಲ. “ಬಾಯಿಂದ ಬಂದ ಮಾತಿಗೆ ಶಕ್ತಿ ಇರತೈತ್ರಿ ಅಕ್ಕಾರ. ಚ್ಯಾಷ್ಟಿ ಅಲ್ಲ. ಇಲ್ಲಂದ್ರ ನೀವ್ಯಾಕ ಇವತ್ತಿನ ತನಕಾ ನಿಮ್ಮ ಯಜಮಾನ್ರ ಹೆಸರ ತಗದಿಲ್ಲ? ಒಡಪಿನ್ಯಾಗೂ ತಗದಿಲ್ಲ. ಸರದಿ ಬಂದ ಕೂಡ್ಲೆ ಚಾ ನೋಡಾಕ ಏಳತೀರಿ. ನಂಬಿಕಿ ಇದ್ದದ್ದಕ್ಕ ಅಲ್ಲೇನು? ಹಂಗಾರ ಈಕಿ ಆಡಿದ ಮಾತೂ ಮಾತ!”

ಅವಳು ಹೇಳಿದ್ದು ನಿಜ. ನನ್ನ ನಂಬಿಕೆಯನ್ನೇ ಹಗ್ಗ ಮಾಡಿ ಆ ಹುಡುಗಿಯ ಕೊರಳಿಗೆ ಹಾಕಿದ್ದಳು. ಹುಡುಗಿ ಬಟ್ಟಲು ಕೆಳಗಿಟ್ಟು ಎದ್ದುಹೋದಳು. ಬಾಗಿಲ ಅಗುಳಿ ಹಾಕಿದ ಸಪ್ಪಳ ಅಲ್ಲಿಯ ತನಕ ಕೇಳಿತು.

ಮರುದಿನ ಮುಂಜಾನೆ ಎದ್ದು ಒಲೆ ಹೊತ್ತಿಸಿ ಚಹಾ ಮಾಡಿದೆ. ನೀರು ಬಿಟ್ಟಿದ್ದರು. ನಲ್ಲಿಯ ಹತ್ತಿರ ಕೊಡಗಳ ಸಾಲು, ಸಂಡಾಸಿನ ಮುಂದೆ ಗಂಡಸರ ಸಾಲು. ಇಡೀ ಬಿಲ್ಡಿಂಗು ಒಟ್ಟಿಗೆ ಸೇರುವುದು ಆ ಒಂದೇ ಹೊತ್ತು. ಮೂಲೆಮನೆಯಾಕೆ ಎಲ್ಲರಿಗಿಂತ ಮುಂದೆ ಕೊಡ ಹಚ್ಚಿ ನಿಂತಿದ್ದಳು. ಪಕ್ಕದ ಮನೆಯ ಬಾಗಿಲು ಹಾಕಿಯೇ ಇತ್ತು. ನಮ್ಮ ಮನೆಯವರು ಡಬ್ಬಿ ಹಿಡಿದು ಸಾಲಿನ ನಡುವೆ, ಬೀಡಿ ಸೇದುತ್ತಾ, ಯಾರ ಸುದ್ದಿಗೂ ಹೋಗದೆ ನಿಂತಿದ್ದರು. ಪಾಪದ ಮನುಷ್ಯ. ನನ್ನ ಮೇಲೆ ಒಮ್ಮೆಯೂ ಕೈ ಎತ್ತಿದವರಲ್ಲ. ಆ ಮನುಷ್ಯನ ಆಯುಷ್ಯಕ್ಕೆ ಏನಾದರೂ ಆದರೆ ಎಂದು ಹೆದರಿದೆ, ಇಲ್ಲವೆನ್ನುವುದಿಲ್ಲ. ಬಾಯಿಗೆ ಸೆರಗು ಬರುವ ರೂಢಿ. ಅದನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿದೆ. ಗ್ಯಾಲರಿಯ ನಡುವೆ ಬಂದು ನಿಂತೆ.

“ಗುರುಸಿದ್ದಪ್ಪಾ! ಚಾ ಆರಾಕ್ಹತ್ತೇತಿ!”

ಮೂಲೆಮನೆಯಾಕೆಯ ಕೊಡ ತುಂಬಿ ಹೊರಗೆ ಹರಿಯಿತು, ಅವಳಿಗೆ ಖಬರಿಲ್ಲ. ನಮ್ಮ ಮನೆಯವರು ಬೀಡಿ ಬಾಯಲ್ಲೇ ಇಟ್ಟುಕೊಂಡು ತಿರುಗಿ ನೋಡಿದರು. ಪಕ್ಕದ ಮನೆಯ ಅಗುಳಿ ತೆರೆಯಿತು, ಬಾಗಿಲ ಸಂದಿಯಲ್ಲಿ ಹುಡುಗಿಯ ಮುಖ.

ಒಮ್ಮೆ ಕರೆದರೆ ಬಾಯಿ ತಪ್ಪಿ ಬಂತೆನ್ನುತ್ತಾರೆ. ಅದಕ್ಕೇ ಮತ್ತೊಮ್ಮೆ ಕರೆದೆ, ಇನ್ನೂ ಗಟ್ಟಿಯಾಗಿ.